ನಿಂತ ಮಗ್ಗ ಯಾರದು

ರೊಟ್ಟಿ ಬಡಿಯುವ ಹೊತ್ತಿನಲ್ಲಿ ಮೊದಲ ಮಹಾಯುದ್ಧದ ಕಾರಣಗಳನ್ನು ಕೇಳಿಸಿಕೊಳ್ಳುವ ಯೋಗ ಯಾರಿಗೂ ಬರಬಾರದು ಎಂದುಕೊಳ್ಳುತ್ತ ವಂದನಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಮಗಳು ಪ್ರಣಿತಾ ಬಾಗಿಲಿಗೆ ಬೆನ್ನು ಹಚ್ಚಿ ನಿಂತು ಶಾಲೆಯ ಭಾಷಣ ಒಪ್ಪಿಸುತ್ತಿದ್ದಳು. ಎದ್ದಾಗಿನಿಂದ ಎಷ್ಟನೇ ಸಲವೋ ಏನೋ.

"ಯುವರಾಜನಿಗೆ ಬಿದ್ದ ಗುಂಡು ಬರೀ ತಕ್ಷಣದ ಕಾರಣ. ಮೂಲ ಕಾರಣಗಳು ಬೇರೆಯೇ ಇದ್ದವು. ದೇಶಗಳು ಒಂದರ ಮೇಲೊಂದು ಸಂಶಯಪಡುತ್ತಿದ್ದವು, ಗುಂಪು ಕಟ್ಟಿಕೊಂಡಿದ್ದವು..."

"ನಮ್ಮ ಮನ್ಯಾಗೂ ಅದ ನಡದೈತಿ. ನಿಮ್ಮಪ್ಪನ ಹೆಸರೂ ಸೇರಸ ಅದ್ರಾಗ."

ಒಳಗೆ ಊಟಕ್ಕೆ ಕುಳಿತಿದ್ದ ಗಂಡ ರಾಜಕುಮಾರ ಕೇಳಿಸಿಯೂ ಕೇಳಿಸದವನಂತೆ ಹಿಂಡಿಪಲ್ಲೆ ಹಚ್ಚಿಕೊಂಡ.

ಮರುದಿನ ಭಾನುವಾರ ಅವನ ಒಬ್ಬಳೇ ತಂಗಿ ಋತುಜಾಳ ಕುಬಸ. ಚೊಚ್ಚಲ ಬಸುರಿ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಸಾಮಾನು ಎಲ್ಲ ತಂದಾಗಿತ್ತು. ಅವಳನ್ನು ತವರಿಗೆ ಕರೆತಂದು ಕುಬಸ ಮಾಡಿ ಬಾಣಂತನಕ್ಕೆ ಇಟ್ಟುಕೊಳ್ಳಬೇಕು. ಕರೆಯಲು ಅಣ್ಣನೇ ಹೋಗಬೇಕು, ಅದು ಪದ್ಧತಿ. ಅಣ್ಣ ಹೋಗುವುದಿಲ್ಲವೆಂದು ಕುಳಿತಿದ್ದ. ಅಣ್ಣ ಬಾರದಿದ್ದರೆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಗಡಹಿಂಗ್ಲಜದ ತನ್ನ ತಾಯಿಯ ಹತ್ತಿರ ಅವಳನ್ನು ಬಿಟ್ಟುಬರುತ್ತೇನೆಂದು ಅವಳ ಗಂಡ ಸಿದ್ರಾಮ ಹಟ ಹಿಡಿದಿದ್ದ. ಋತುಜಾಳಿಗೆ ರಕ್ತದೊತ್ತಡ, ಕಾಲು ಬಾತಿದ್ದವು. ಬಸ್ಸಿನ ಪ್ರಯಾಣ ಮಾತ್ರ ಬೇಡ ಎಂದು ಡಾಕ್ಟರಬಾಯಿ ಎರಡು ಸಲ ಹೇಳಿದ್ದರು. ಅದು ಈ ಇಬ್ಬರು ಗಂಡಸರ ಕಿವಿಗೆ ಹೋಗಿರಲಿಲ್ಲ.

"ಅಕಿ ಏನ ಮಾಡ್ಯಾಳರಿ? ಅಕಿ ಬಂದು ನಿಮ್ಮ ಮಗ್ಗ ನಿಂದರಿಸ್ಯಾಳೇನು?"

"ಅವ ಮೊದಲ ತಪ್ಪಾತು ಅನ್ನಲಿ. ನಾ ಆರೂ ಮಗ್ಗ ಚಾಲೂ ಇಟ್ಟ ಹೊರಗ ಬರ್ತೇನಿ. ಮುಂಜಾನೆ ಹೋದ್ರ ನನಗ ಮೂರ ನಿಂತಿರ್ತಾವು. ಇದು ಬೀಗತನ ಮಾಡಿದವರ ಲಕ್ಷಣೇನು?"

"ಅವನೂ ನಿಮಗ ಹಂಗ ಅಂತಾನ. ಸಂಜೀಕ ನಿಂತ ಮಗ್ಗ ಕೊಟ್ಟ ಹೋಗ್ತೀರಂತ."

"ಅನ್ನಾಕ ಅವಗೇನು, ನಾಲಿಗೆಗೆ ಎಲುಬಿಲ್ಲ."

ಇಬ್ಬರೂ ಒಂದೇ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಅವೇ ಆರು ಮಗ್ಗ ನಡೆಸುವವರು. ಹಗಲು ರಾಜಕುಮಾರ, ರಾತ್ರಿ ಸಿದ್ರಾಮ. ಮಗ್ಗದವರಲ್ಲಿ ನಿಂತ ಮಗ್ಗ ಒಪ್ಪಿಸಿ ಹೋಗುವುದೆಂದರೆ ಎಂಜಲು ತಾಟಿನಲ್ಲಿ ಬಡಿಸಿದಷ್ಟೇ ಅವಮಾನ. ಮೊದಲು ಬರೀ ಗುಮಾನಿ ಇತ್ತು. ಆಮೇಲೆ ಒಬ್ಬ ಕತ್ತರಿ ಬಚ್ಚಿಟ್ಟ, ಇನ್ನೊಬ್ಬ ಒಳ್ಳೆಯ ಲಾಳಿಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಕೀಲಿ ಜಡಿದ. ಅವನಿಗೊಬ್ಬ, ಇವನಿಗೊಬ್ಬ ಎಂದು ಜನ ಸೇರುತ್ತ ಶೆಡ್ಡೆಲ್ಲ ಹಗಲುಪಾಳಿ, ರಾತ್ರಿಪಾಳಿ ಎಂದು ಎರಡಾಯಿತು. ಚಹಾದಂಗಡಿಯಲ್ಲಿ ಬೆಂಚು ಕೂಡ ಬೇರೆ ಬೇರೆ. ಹೋದ ವಾರ ಸೈಕಲ್ ನಿಲ್ಲಿಸುವ ಜಾಗಕ್ಕಾಗಿ ಇಬ್ಬರ ಅಂಗಿ ಹರಿದವು. ಆ ಇಬ್ಬರಿಗೂ ಈ ಆರು ಮಗ್ಗಕ್ಕೂ ಯಾವ ಸಂಬಂಧವೂ ಇರಲಿಲ್ಲ.

"ಅವ್ವಾ, ಇದಕ್ಕ ಮೈತ್ರಿಕೂಟ ಅಂತಾರ," ಎಂದಳು ಪ್ರಣಿತಾ.

"ನಿನ್ನ ಮೈತ್ರಿಕೂಟಕ್ಕ ಬೆಂಕಿ ಹಚ್ಚಲಿ. ಅಪ್ಪನ ಡಬ್ಬಿ ಕಟ್ಟ."

ವಂದನಾ ಸೀರೆಯೊಳಗೆ ಉಡುವ ಪರಕರಗಳಿಗೆ ಅಂಚು ಹೊಲಿಯುವ ಕಾರಖಾನೆಗೆ ಹೋದಳು. ಮಧ್ಯಾಹ್ನ ಹೊಲಿಗೆಯ ನಡುವೆಯೇ ಋತುಜಾಳ ಫೋನು ಬಂತು.

"ವೈನಿ, ಅವರು ಬ್ಯಾಗ ತುಂಬಿ ಇಟ್ಟಾರ್ರಿ. ನಾ ಬಸ್ಸಿನ್ಯಾಗ ಹ್ಯಾಂಗ ಹೋಗ್ಲಿ? ಕಾಲು ಚಪ್ಪಲ್ಯಾಗ ಹಿಡಿಯವಲ್ವು."

"ನೀ ಅಳಬ್ಯಾಡ. ಇವತ್ತ ಸಂಜೀಕ ಇಬ್ಬರ ಕಿವೀನೂ ಹಿಂಡ್ತೇನಿ."

ಹಿಂಡಲು ಇದ್ದ ಹೊತ್ತು ಒಂದೇ, ಪಾಳಿ ಬದಲಾಗುವ ಸಂಜೆ ಏಳು. ಆಗ ಇಬ್ಬರೂ ಶೆಡ್ಡಿನಲ್ಲಿ ಎದುರಾಬದುರು ಸಿಗುತ್ತಾರೆಂದು ಅವಳ ಲೆಕ್ಕ. ಹಿಂದೆಲ್ಲ ಇಬ್ಬರೂ ಮಗ್ಗದ ಸಂದಿಯಲ್ಲಿ ನಿಂತು ಒಂದು ಚಹಾ ಎರಡು ಮಾಡಿ ಕುಡಿಯುತ್ತ, ಯಾವ ಮಗ್ಗ ನೂಲು ಹರಿಯುತ್ತದೆ, ಯಾವುದು ಸರಿ ಇದೆ ಎಂದು ಮಾತಾಡಿಕೊಂಡೇ ಕೆಲಸ ಒಪ್ಪಿಸುತ್ತಿದ್ದರು. ಅದನ್ನು ಅವಳೇ ಕಂಡಿದ್ದಳು. ಹಾಗೆಂದೇ ಥರ್ಮಾಸಿನಲ್ಲಿ ಚಹಾ ಹಾಕಿಕೊಂಡು, ಕಾರಖಾನೆಯ ಮುಕಾದಮನ ಕಣ್ಣು ತಪ್ಪಿಸಿ ಬೇಗ ಹೊರಟಳು.

ಶೆಡ್ಡಿನ ಬಾಗಿಲಲ್ಲಿ ಕಾವಲುಗಾರ ತಡೆದ.

"ಈಗ ಹಂಗಿಲ್ರಿ ಬಾಯಿ. ದೀಪಾವಳಿ ಆದ ಮ್ಯಾಲೆ ಹೆಬ್ಬೆಟ್ಟಿನ ಮಷಿನ್ ಕುಂದರಿಸ್ಯಾರ. ಹಗಲಿನ ಮಂದಿ ಪೂರಾ ಹೊರಗ ಬಿದ್ದ ಮ್ಯಾಲೇನ ರಾತ್ರಿಯವರಿಗೆ ಹಿಂದಿನ ಬಾಗಲಾ ತೆಗೀತೇವಿ."

"ಯಾಕ ಹಂಗ?"

"ಎರಡೂ ಪಾಳಿ ಕೂಡಿದ್ರ ಮಾತ ಬೆಳೀತಾವಂತ್ರಿ. ಶೇಟಜಿ ಹುಕುಮ."

"ಹೊರಗ ಬಿದ್ದು ಒಳಗ ಹೋಗೂದ್ರಾಗ ಎಷ್ಟ ಹೊತ್ತಾಗತೈತಿ?"

"ಎಲ್ಲಾರೂ ಹೆಬ್ಬೆಟ್ಟ ಒತ್ತಬೇಕಲ್ರಿ. ಒಂದ ಬೀಡಿ ಸೇದಿ ಮುಗಿಸಬಹುದು."

ವಂದನಾ ಬಗಲಿನ ಓಣಿಗೆ ಹೋಗಿ ಜಾಳಿಗೆಯ ಕಿಟಕಿಯಿಂದ ಇಣುಕಿದಳು. ಒಳಗೆ ಮಗ್ಗಗಳೆಲ್ಲ ಖಡಲ್ ಖಡಲ್ ಎಂದು ಓಡುತ್ತಿದ್ದವು. ಮನುಷ್ಯರು ಮಾತ್ರ ಇರಲಿಲ್ಲ. ಯಾವುದೋ ಮೂಲೆಯಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಒಬ್ಬನೇ ಪಾನಾ ಹಿಡಿದು ಬಗ್ಗಿದ್ದ. ಅವಳು ನೋಡುತ್ತಿರುವಾಗಲೇ ಗೋಡೆಯ ಬದಿಗೆ ಗಂಡ ನಡೆಸುವ ಆರರಲ್ಲಿ ಒಂದು ಮಗ್ಗದ ಲಾಳಿಯಲ್ಲಿ ನೂಲು ತೀರಿತು. ಮಗ್ಗ ತಾನಾಗಿಯೇ ನಿಂತಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದೂ ನಿಂತಿತು.

ಅವಳಿಗೆ ಮೈಯೆಲ್ಲ ಉರಿಯಿತು. ಓಡಿಹೋಗಿ, ಗಾಡಿ ಚಾಲೂ ಮಾಡುತ್ತಿದ್ದ ಗಂಡನ ಅಂಗಿಯ ತೋಳು ಹಿಡಿದು ಎಳೆದುತಂದಳು. ಹಿಂದಿನ ಬಾಗಿಲಲ್ಲಿ ಸರದಿಗೆ ನಿಂತಿದ್ದ ಸಿದ್ರಾಮನನ್ನೂ ಕರೆದಳು.

"ಅಕ್ಕಾರ, ನನ್ನ ಹೆಬ್ಬೆಟ್ಟ ತಪ್ಪತೈತ್ರಿ..."

"ಹೆಬ್ಬೆಟ್ಟ ಕಡದ ಒಗೀತೇನಿ. ಬಾಯಿ ಮುಚಗೊಂಡ ಇಲ್ಲಿ ನೋಡ್ರಿ ಇಬ್ಬರೂ."

ಇಬ್ಬರೂ ಭುಜಕ್ಕೆ ಭುಜ ಹಚ್ಚಿ ಜಾಳಿಗೆಗೆ ಮುಖ ಒತ್ತಿದರು. ಅವರ ಕಣ್ಣೆದುರಿಗೇ ಮೂರನೆಯ ಮಗ್ಗ ನಿಂತಿತು.

"ಒಮ್ಮೆರೆ ಫೋನ್ ಹಚ್ಚಿ, ನೀ ನಿಂದರಿಸಿ ಹೋದ್ಯಾ ಅಂತ ಕೇಳಬಾರದಾಗಿತ್ತಾ?" ಎಂದಳು ವಂದನಾ. "ಮಗ್ಗದಾಗ ಕೂದಲಾ ಬೆಳ್ಳಗ ಮಾಡಿಕೊಂಡೀರಿ. ನೂಲು ತೀರಿದ್ರ ಮಗ್ಗ ನಿಲ್ತೈತಿ ಅಂತ ನಾ ಬಂದ ಹೇಳಬೇಕಾ?"

"ಮೊದಲ ಅವ ಕೇಳ್ತಾನ ಅಂತ ಸುಮ್ಮನಿದ್ದೆ," ಎಂದ ರಾಜಕುಮಾರ.

"ನಾನೂ ಅದಕ್ಕ ಸುಮ್ಮನಿದ್ದೆ," ಎಂದ ಸಿದ್ರಾಮ.

ವಂದನಾ ಥರ್ಮಾಸಿನ ಮುಚ್ಚಳಕ್ಕೆ ಚಹಾ ಸುರಿದು ಗಂಡನ ಕೈಗೆ ಕೊಟ್ಟಳು. ಅವನು ಅರ್ಧ ಕುಡಿದು ಅರ್ಧವನ್ನು ಸಿದ್ರಾಮನಿಗೆ ಚಾಚಿದ. ಸದ್ಯ ಮುಗಿಯಿತು, ನಾಳೆ ಹೂರಣ ಕುದಿಸಲು ಬೇಗ ಏಳಬೇಕು ಎಂದು ಅವಳು ಉಸಿರು ಬಿಟ್ಟಳು. ಅಷ್ಟರಲ್ಲಿ ಸಿದ್ರಾಮ ಮುಚ್ಚಳವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದ.

"ರಾಜಣ್ಣಾ, ಇದು ನನ್ನ ತಪ್ಪಲ್ಲ, ನಿನ್ನ ತಪ್ಪೂ ಅಲ್ಲ. ಆ ಹೆಬ್ಬೆಟ್ಟಿನ ಡಬ್ಬಿದು."

"ಡಬ್ಬಿ ತಾನಾಗಿ ಬಂದ ಕುಂತೈತೇನು? ಒಬ್ಬೊಬ್ಬಗ ನಾಕ ಮಗ್ಗ ಇದ್ದದ್ದು ಆರು ಮಾಡಿದಾಗ ಸುಮ್ಮನ ಕುಂತ್ವಿ. ಈಗ ಮಾತಾಡೂದೂ ಬಂದ್ ಮಾಡ್ಯಾರ," ಎಂದ ರಾಜಕುಮಾರ.

ಓಣಿಯಲ್ಲಿ ಜನ ಕೂಡಿದರು. ಹಗಲುಪಾಳಿಯವರು ಮನೆಗೆ ಹೋಗಲಿಲ್ಲ, ರಾತ್ರಿಪಾಳಿಯವರು ಒಳಗೆ ಹೋಗಲಿಲ್ಲ. ಅಂಗಿ ಹರಿದುಕೊಂಡವರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತಿದ್ದರು. ಒಳಗೆ ಒಂದೊಂದೇ ಮಗ್ಗ ನೂಲು ತೀರಿ ನಿಲ್ಲುತ್ತ, ಕೊನೆಗೆ ಇಡೀ ಶೆಡ್ಡು ಸದ್ದಿಲ್ಲದಾಯಿತು. ರಾಜಕುಮಾರ ಯಾರದೋ ಗಾಡಿಯ ಸೀಟಿನ ಮೇಲೆ ಹತ್ತಿ ನಿಂತು, ಮಷಿನ್ ಕೀಳುವ ತನಕ ಕೆಲಸ ಬಂದ್ ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಸಾರಿದ.

"ಮತ್ತ ಕುಬಸಾ?" ವಂದನಾ ಕೆಳಗಿನಿಂದ ಕೇಳಿದಳು.

"ನಾಳೆ ಮುಂಜಾನೆ ಮೀಟಿಂಗ್ ಐತಿ, ವಂದನಾ. ಅದು ಮುಗೀಲಿ."

ಅವಳು ಥರ್ಮಾಸನ್ನು ಗಾಡಿಯ ಪೆಟ್ರೋಲ್ ಟಾಕಿಯ ಮೇಲೆ ಬಡಿದಳು. ಗದ್ದಲ ನಿಂತಿತು.

"ಅಣ್ಣ ಕರಿಯಾಕ ಹೋಗಿ ಬಂದ ಮ್ಯಾಲೆ ಮೀಟಿಂಗ್. ಇಲ್ಲಂದ್ರ ನಾ ಇಲ್ಲೇ ಈ ಗಾಡಿ ಮುಂದ ಮಲಗ್ತೇನಿ. ಆ ಹುಡಿಗಿ ಬಸ್ ಹತ್ತಿದ್ರ ನಿಮ್ಮ ಮಷಿನ್ ಕಿತ್ತೇನು, ಬಿಟ್ಟೇನು?"

ರಾಜಕುಮಾರ ಸಿದ್ರಾಮನ ಮುಖ ನೋಡಿದ. ಸಿದ್ರಾಮ ತಲೆ ಕೆಳಗೆ ಹಾಕಿದ.

"ಬಾ ರಾಜಣ್ಣಾ. ಲಗೂನ ಬಾ. ಬ್ಯಾಗ ಹೆಂಗೂ ತುಂಬೈತಿ."

ಭಾನುವಾರ ಅಣ್ಣ ಕರೆಯಲು ಹೋದ. ಒಬ್ಬನೇ ಹೋಗಲಿಲ್ಲ, ಎರಡೂ ಪಾಳಿಯ ಅರ್ಧ ಜನ ಹಿಂದೆ ಹೋದರು. ಋತುಜಾ ಅಣ್ಣ ಒಯ್ದ ಹಸಿರು ಸೀರೆಯುಟ್ಟು ರಿಕ್ಷಾದಲ್ಲಿ ಬಂದಿಳಿದಳು. ಹನ್ನೆರಡು ಮಂದಿಗೆಂದು ಮಾಡಿದ ಹೋಳಿಗೆ ಒಂದೇ ಪಂಕ್ತಿಗೆ ತೀರಿದವು. ವಂದನಾ ಮತ್ತೆ ಬೇಳೆಗಿಟ್ಟಳು. ಮೀಟಿಂಗು ಇವಳ ಮನೆಯಲ್ಲೇ ಶುರುವಾಯಿತು. ಕೆಲಸ ಬಂದಾಗಿದ್ದರಿಂದ ಸಿದ್ರಾಮನೂ ಇನ್ನು ಇಲ್ಲಿಯೇ ಇರುವವನಿದ್ದ.

ಪ್ರಣಿತಾ ಒಲೆಯ ಬಳಿ ಬಂದು ಕುಳಿತಳು. "ಅವ್ವಾ, ಭಾಷಣದ ಕಡೀಕ ಏನ ಹೇಳ್ಲಿ?"

"ಆ ಯುದ್ಧ ಮುಗದ ಮ್ಯಾಲೆ ಕಾರಣ ಗೊತ್ತಾತಲ್ಲ. ಮತ್ತ ಯುದ್ಧ ಆಗಲಿಲ್ಲಾ?"

"ಇಪ್ಪತ್ತ ವರ್ಷದಾಗ ಇನ್ನೊಂದು ಆತು. ಇನ್ನೂ ದೊಡ್ಡದು."

"ಅದನ್ನ ಹೇಳ. ಅಷ್ಟೂ ವರ್ಷ ಅಡಿಗಿ ಯಾರ ಮಾಡಿದ್ರು ಅಂತನೂ ಕೇಳ."

ಹೊರಗಿನಿಂದ ರಾಜಕುಮಾರನ ದನಿ ಬಂತು. "ವಂದನಾ, ಇನ್ನೊಂದ ಸಲ ಚಾ ಆಗಲಿ. ಮಂದಿ ಬಂದಾರ."

ವಂದನಾ ಈರುಳ್ಳಿಯ ಬುಟ್ಟಿಯನ್ನೂ ಎರಡು ಈಳಿಗೆಗಳನ್ನೂ ಒಯ್ದು ಗಂಡನ ಮತ್ತು ಸಿದ್ರಾಮನ ನಡುವೆ ಇಟ್ಟಳು. ಬಿಸಿನೀರಿನ ಬೋಗಾಣಿ ಹಿಡಿದು ಋತುಜಾ ಮಲಗಿದ್ದ ಕೋಣೆಗೆ ಹೋಗಿ, ಅವಳ ಬಾತ ಕಾಲುಗಳನ್ನು ಮೆಲ್ಲಗೆ ಅದರಲ್ಲಿ ಇಳಿಬಿಟ್ಟು, ಬಾಗಿಲು ಹಾಕಿಕೊಂಡಳು.