ಮುನಿತಾಯಮ್ಮನ ಒಪ್ಪಿಗೆ

ದೇವನಹಳ್ಳಿಯ ಸಭಾಂಗಣದಲ್ಲಿ ನಮ್ಮತ್ತೆ ಮುನಿತಾಯಮ್ಮನಿಗೆ ಸನ್ಮಾನ. ಇಡೀ ದೇಶಕ್ಕೆ ಡಿಜಿಟಲ್ ಗುರುತಿನ ಮಾನದಂಡ ಬರೆಯುವ ಸಮಿತಿಯ ಮಹಾನುಭಾವರು ದೆಹಲಿಯಿಂದ ವಿಮಾನದಲ್ಲೇ ಬಂದಿಳಿದಿದ್ದರು. ಇಲ್ಲೇ ಪಕ್ಕದ ವಿಜಯಪುರದಲ್ಲಿ ಜೀವಮಾನವೆಲ್ಲ ರೇಷ್ಮೆಗೂಡಿನ ಕುದಿನೀರಲ್ಲಿ ಕೈಯಿಟ್ಟು ನೂಲು ತೆಗೆದ ಹೆಂಗಸು, ಆದರೂ ರೇಷನ್ ಅಂಗಡಿಯ ಯಂತ್ರ ಆಕೆಯ ಬೆರಳನ್ನು ಒಂದು ಸಲವೂ ಬೇಡ ಅಂದಿಲ್ಲವಂತೆ. ಅವರಿಗದು ಪವಾಡವಾಗಿ ಕಂಡಿತ್ತು. ಅಂಗಡಿಗೆ ಹೋಗಿ, ಬೆರಳಿಡುವವರು ಯಾರು ಎಂದು ನೋಡುವಷ್ಟು ಪುರುಸೊತ್ತು ಅವರಿಗೆಲ್ಲಿ?

ಬೆರಳಿಡುತ್ತಿದ್ದವಳು ನಾನು, ಸೊಸೆ ಯಶಸ್ವಿನಿ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಊರ ಶಾಲೆಯಲ್ಲಿ ಗುರುತಿನ ನಂಬರಿನ ಶಿಬಿರ ಇಟ್ಟಿದ್ದರು. ಅತ್ತೆಯ ಬೆರಳುಗಳು ಬೆಂದು ನುಣ್ಣಗಾಗಿದ್ದವು, ಕಣ್ಣಿಗೆ ಪೊರೆ ಬಂದಿತ್ತು. ಯಂತ್ರ ಏನನ್ನೂ ಓದಲಿಲ್ಲ. ಯಂತ್ರ ನಡೆಸುವ ಕೊಂಡಪ್ಪನಿಗೆ ಊಟಕ್ಕೆ ಹೊತ್ತಾಗಿತ್ತು.

"ಸೊಸೇದು ಇಡ್ಸಮ್ಮೋ. ಯಾರ್ದಾದ್ರೇನು, ಮನೇದೇ ತಾನೆ?" ಅಂದ.

ನಮ್ಮೂರಲ್ಲಿ ಯಾರ ಮನೆಯ ಹಾಲನ್ನು ಯಾರು ಬೇಕಾದರೂ ಡೇರಿಗೆ ಹಾಕಿ ಬರುತ್ತಾರೆ. ಇದೂ ಹಾಗೇ ಎಂದುಕೊಂಡು ಹತ್ತು ಬೆರಳು, ಎರಡು ಕಣ್ಣು ಕೊಟ್ಟೆ. ಹೆಸರು, ಮುಖ ಅತ್ತೆಯದು. ಆಮೇಲೆ ನಂಬರಿಗಾಗಿ ನನ್ನ ಹೆಸರಲ್ಲಿ ಹಾಕಿದ ಅರ್ಜಿಗಳೆಲ್ಲ ವಾಪಸ್ ಬಂದವು. ಈ ಬೆರಳಿನವರು ಆಗಲೇ ಇದ್ದಾರೆ ಎಂಬುದೊಂದೇ ಉತ್ತರ.

ಈಗ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತ್ತು. ಗೇಟಿನ ಪಾಸಿಗೆ ನನ್ನದೇ ನಂಬರ್ ಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು. ಗಂಡ ಮಂಜೇಶನದು ಒಂದೇ ರಾಗ: "ಸುಮ್ನಿರೇ, ಮರ್ಯಾದೆ ಹೋಗ್ತದೆ." ಮರ್ಯಾದೆಯಂತೆ, ಮಣ್ಣು!

ವೇದಿಕೆಯಲ್ಲಿ ಸಮಿತಿಯ ಅಧ್ಯಕ್ಷ ಶ್ರೀಧರ್, ಬೇಸಿಗೆಯಲ್ಲೂ ಕೋಟು ತೊಟ್ಟವರು, ಯಾವ ಗುರುತನ್ನು ಎಷ್ಟು ನಂಬಬಹುದು ಎಂಬ 'ನಂಬಿಕೆಯ ಮಟ್ಟಗಳ' ಬಗ್ಗೆ ಕೊರೆದರು. ಕೊನೆಗೆ ಎಲ್ಲರೆದುರು ಅತ್ತೆಯ ಹೆಬ್ಬೆಟ್ಟನ್ನು ಯಂತ್ರದ ಮೇಲಿಡಿಸಿದರು. ಕೆಂಪು ದೀಪ. ಕರವಸ್ತ್ರದಲ್ಲಿ ಒರೆಸಿ ಮತ್ತೆ ಇಡಿಸಿದರು. ಮತ್ತೆ ಕೆಂಪು.

ನನಗೆ ತಡೆಯಲಾಗಲಿಲ್ಲ. ವೇದಿಕೆ ಹತ್ತಿ ನನ್ನ ಹೆಬ್ಬೆಟ್ಟು ಇಟ್ಟೆ. ಹಸಿರು ದೀಪ ಹತ್ತಿತು, ಪರದೆಯ ಮೇಲೆ ಅತ್ತೆಯ ಹೆಸರು, ಅತ್ತೆಯ ಮುಖ ಬಂತು. ಶಿಬಿರದಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

"ನೋಡಿ, ಯಂತ್ರ ತಪ್ಪಿಲ್ಲ!" ಎಂದರು ಅಧ್ಯಕ್ಷರು, ನಾಚಿಕೆಯಿಲ್ಲದೆ. "ತಪ್ಪು ಜನರದು, ಮಾನದಂಡದ್ದಲ್ಲ."

ಕುಣಿಯಲಾರದವರು ನೆಲ ಡೊಂಕು ಅನ್ನುವುದನ್ನು ಕೇಳಿದ್ದೆ, ಕೋಟು ಹಾಕಿಕೊಂಡು ಅನ್ನುವುದನ್ನು ಅವತ್ತೇ ನೋಡಿದ್ದು.

"ಹಂಗಾದ್ರೆ ನನ್ ನಂಬರ್ ನಂಗೆ ಕೊಡಿ ಸಾರ್."

"ಮೊದಲು ಈ ದಾಖಲೆ ರದ್ದಾಗಬೇಕು. ಅದಕ್ಕೆ ಮುನಿತಾಯಮ್ಮನವರು ಬೆರಳಿಟ್ಟು ಒಪ್ಪಬೇಕು."

"ಆಮೇಲೆ ಅತ್ತೆಗೆ?"

"ಬೆರಳು, ಕಣ್ಣು ಎರಡೂ ಇಲ್ಲದವರಿಗೆ ಮಾನದಂಡ ಇನ್ನೂ ಆಗಿಲ್ಲಮ್ಮ. ಮುಂದಿನ ಸಭೆಯಲ್ಲಿ ಚರ್ಚಿಸ್ತೀವಿ."

ಇವರು ಚರ್ಚಿಸಿ ಮುಗಿಸುವತನಕ ಅತ್ತೆಗೆ ಅಕ್ಕಿಯಿಲ್ಲ, ವಿಧವಾ ಪಿಂಚಣಿಯಿಲ್ಲ. ಮುಖಕ್ಕೆ ಉಗಿಯಬೇಕೆನಿಸಿತು. ಕೆಲಸ ಹಾಳಾಗಿ ಹೋಗಲಿ ಎಂದು ಇಳಿಯಲು ಹೊರಟೆ. ಅತ್ತೆ ರಟ್ಟೆ ಹಿಡಿದರು.

"ನಿಂತ್ಕೊಳೇ. ನಾನು ಒಪ್ಪಿವ್ನಿ ಸ್ವಾಮಿ, ತೆಗ್ದಾಕಿ ನಂದು."

"ಬಾಯಲ್ಲಿ ಹೇಳಿದ್ರೆ ನಡೆಯಲ್ಲಮ್ಮ, ಬೆರಳಿಡಿ."

ಅತ್ತೆ ಇಟ್ಟರು. ಕೆಂಪು ದೀಪವೇ ಹತ್ತಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು.

ಆಗ ಅತ್ತೆ ನನ್ನ ಮಣಿಕಟ್ಟು ಹಿಡಿದೆಳೆದರು.

"ಬ್ಯಾಡ ಅತ್ತೆ, ಬಿಡಿ," ಎಂದು ಕೊಸರಿಕೊಂಡೆ.

ಬಿಡಲಿಲ್ಲ. ನನ್ನ ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತಿ ಹಿಡಿದರು. ಹಸಿರು ದೀಪ ಹತ್ತಿತು. ಮುನಿತಾಯಮ್ಮ ಸ್ವಇಚ್ಛೆಯಿಂದ ಒಪ್ಪಿದ್ದಾರೆ ಎಂದು ಪರದೆಯ ಮೇಲೆ ಬಂತು. ಹಿಂದೆಯೇ ಅತ್ತೆಯ ಮುಖ ಅಳಿಸಿಹೋಯಿತು.

ಸಮಿತಿಯವರು ಚಪ್ಪಾಳೆ ತಟ್ಟಿದರು. ನನ್ನ ಕೈಯನ್ನು ಒತ್ತಿ ಹಿಡಿದಿದ್ದ ಆ ಕೈ ಅವರಲ್ಲಿ ಒಬ್ಬರಿಗೂ ಕಾಣಲಿಲ್ಲ.