ಕಿಟ್ಟದವ್ವ

ಸುರೇಖಾಳ ಪಿಎಚ್.ಡಿ. ಯಲಬುರ್ಗಾ ರಸ್ತೆ ಪಕ್ಕದ ಒಂದು ದಿಬ್ಬವನ್ನು ನಂಬಿಕೊಂಡಿತ್ತು. ವಿಶ್ವವಿದ್ಯಾಲಯದಲ್ಲಿ ಅವಳ ವಿಷಯ ತಂತ್ರಜ್ಞಾನದ ಇತಿಹಾಸ. ಗಿಣಿಗೇರಾದಲ್ಲಿ ಉಕ್ಕಿನ ಕಾರ್ಖಾನೆಗಳು ಏಳುವುದಕ್ಕೆ ಎಷ್ಟೋ ಕಾಲ ಮೊದಲೇ ಈ ಸೀಮೆಯವರು ಕಬ್ಬಿಣ ಕರಗಿಸುತ್ತಿದ್ದರು ಎಂಬುದು ಅವಳ ವಾದ. ದಿಬ್ಬದ ತುಂಬ ಕಿಟ್ಟ, ಅಂದರೆ ಅದಿರು ಕರಗಿಸಿದ ಮೇಲೆ ಉಳಿಯುವ ಕರಿ ಹೆಂಟೆಗಳು. ನಡುವೆ ಹಳೆಯ ಕುಲುಮೆಯ ತಳ. ಅದರಡಿಯ ಇದ್ದಿಲು ಸಿಕ್ಕರೆ ಪರೀಕ್ಷೆಯಿಂದ ಕುಲುಮೆಯ ಕಾಲ ಗೊತ್ತಾಗುತ್ತದೆ. ಸಿಗದಿದ್ದರೆ ಪ್ರಬಂಧದಲ್ಲಿ ಉಳಿಯುವುದು ಬರೀ ಮಾತು. ಇದ್ದಿಲನ್ನು ಕೆಡದಂತೆ ತೆಗೆಯಲು ಗೈಡ್ ಪ್ರಭುರಾಜ ಸರ್ ಸೋಮವಾರ ಬರುವವರಿದ್ದರು.

ಜೆಸಿಬಿ ಶುಕ್ರವಾರವೇ ಬಂತು.

ಹೊಲ ಅವಳ ಸೋದರಮಾವ ದೇವೇಂದ್ರಪ್ಪನದು. ಅವನಿಗೆ ದಿಬ್ಬ ಸವರಿ ಗೋದಾಮು ಕಟ್ಟಬೇಕಿತ್ತು.

“ಮಾಮಾ, ಸೋಮವಾರದ ಮಟ ತಡೀರಿ.”

“ಗಾಡಿ ಮತ್ತ ಸಿಗಂಗಿಲ್ಲವಾ. ಕಲ್ಲು ಕಸ ಆರಿಸಿ ಅದೆಂಥಾ ಡಾಕ್ಟರ್ ಆಗ್ತಿ ನೀನು?”

ಅಷ್ಟು ಹೇಳಿ ಮಾವ ರಸ್ತೆಯಾಚೆ ಚಹಾ ಕುಡಿಯಲು ಹೋದ. ಡ್ರೈವರ್ ಪಕ್ಕೀರಪ್ಪನೂ ಅವನ ಹಿಂದೆ ಹೋದ. ಸುರೇಖಾ ಮನೆಗೆ ಓಡಿ, ಅತ್ತೆಯ ದೇವರ ಜಗಲಿಯಿಂದ ಅರಿಷಿಣ ಕುಂಕುಮ ಬಾಚಿಕೊಂಡು ಬಂದಳು. ಕುಲುಮೆಯ ಮೇಲೆ ಒಂದು ಉದ್ದನೆಯ ಹೆಂಟೆ ನಿಲ್ಲಿಸಿ, ಅದಕ್ಕೆ ಅರಿಷಿಣ ಕುಂಕುಮ ಮೆತ್ತಿ, ಬೇವಿನ ತೊಪ್ಪಲು ಸಿಗಿಸಿ ದೂರ ಸರಿದಳು. ಓದಿದವಳು ಮಾಡುವ ಕೆಲಸವೇ ಇದು? ಅಲ್ಲ. ಆದರೆ ಜೆಸಿಬಿಗೆ ಇತಿಹಾಸದ ಪಾಠ ಹೇಳಿ ನಿಲ್ಲಿಸಿದವರನ್ನು ಯಾರು ಕಂಡಿದ್ದಾರೆ?

ಚಹಾ ಮುಗಿಸಿ ಇಬ್ಬರೂ ಬಂದರು. ಯಂತ್ರ ಗುಡುಗುತ್ತ ದಿಬ್ಬ ಏರಿತು. ಬಕೆಟ್ಟು ಮೇಲೆದ್ದು ಅಲ್ಲೇ ನಿಂತಿತು. ಪಕ್ಕೀರಪ್ಪ ಇಂಜಿನ್ ಬಂದ್ ಮಾಡಿ, ಚಪ್ಪಲಿ ಬಿಟ್ಟು ಕೆಳಗಿಳಿದ.

“ಸಾವ್ಕಾರ್ರ, ಇಲ್ಲಿ ಅವ್ವ ಅದಾಳ್ರಿ. ನಾ ಮುಟ್ಟಂಗಿಲ್ಲ.”

ಮಾವ ಅಕ್ಕನ ಮಗಳ ಬೆರಳು ನೋಡಿದ. ಅರಿಷಿಣ ಅಂಟಿತ್ತು. ಅವನಿಗೆ ಎಲ್ಲ ತಿಳಿಯಿತು. ಆದರೂ ದೇವಿಯೆದುರು ನಿಂತು ಸುಳ್ಳು ದೇವಿ ಅನ್ನುವ ಧೈರ್ಯ ಅವನಿಗೂ ಬರಲಿಲ್ಲ. ಗೋದಾಮು ಹೊಲದ ಆಚೆ ಬದಿಗೆ ಸರಿಯಿತು.

ಸೋಮವಾರ ಪ್ರಭುರಾಜ ಸರ್ ಡಬ್ಬಿ, ಸಣ್ಣ ಗುದ್ದಲಿ ಹಿಡಿದು ಬಂದಾಗ ದಿಬ್ಬದ ಸುತ್ತ ಹೆಂಗಸರೋ ಹೆಂಗಸರು. ಹಸಿರು ಬಳೆ, ಒಡೆದ ಕಾಯಿ, ಊದಿನಕಡ್ಡಿ. ಊರಿನ ಎಲ್ಲ ದೇವರಿಗೂ ಮೊದಲ ನೀರು ಹಾಕುವ ಮುದುಕಿ ಹುಲಗಮ್ಮ ಮುಂದೆ ಕೂತಿದ್ದಳು.

“ಕಿಟ್ಟದವ್ವ ಭಾಳ ಹಳೇಕಿ ಸರ. ನಮ್ಮ ಮುತ್ತಜ್ಜಿ ಕಾಲಕ್ಕೂ ಇದ್ಲು.”

ಸರ್ ಖುಷಿಯಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡತೊಡಗಿದರು. ಸುರೇಖಾ ನಾಚಿಕೆಯಿಂದ ಕುಗ್ಗಿಹೋದಳು.

“ಬ್ಯಾಡ್ರಿ ಸರ. ಇದನ್ನ ಶುಕ್ರವಾರ ನಾನ ಇಟ್ಟೀನಿ, ಜೆಸಿಬಿ ತಡಿಯಾಕ.”

ಹುಲಗಮ್ಮ ಬೆಚ್ಚಲೂ ಇಲ್ಲ. “ನೀ ಇಟ್ಟಿ ಅಂತಿ. ಆಕಿ ನಿನ್ನ ಕೈಲೆ ಇಡಿಸ್ಕೊಂಡಾಳ. ಅಗೀಬೇಕಂದ್ರ ಆಕೀನ್ನ ಕೇಳು. ಬಲಕ್ಕ ಹೂ ಕೊಟ್ರ ನಾನ ಮುಂದ ನಿಂತು ಅಗಸ್ತೀನಿ.”

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಒಪ್ಪಿಯಾಗಿತ್ತು. ಹುಲಗಮ್ಮ ಎರಡು ಸೇವಂತಿಗೆ ನೀರಲ್ಲಿ ಅದ್ದಿ ಕಿಟ್ಟದ ಎಡಕ್ಕೊಂದು, ಬಲಕ್ಕೊಂದು ಅಂಟಿಸಿದಳು. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಇಲ್ಲ.

ಹೂ ಹಿಡಿದಿದ್ದು ಒದ್ದೆ ಅರಿಷಿಣ, ಬೀಳಿಸುವುದು ಬಿಸಿಲು ಮತ್ತು ಗಾಳಿ. ಸುರೇಖಾಳಿಗೆ ಅದೆಲ್ಲ ಗೊತ್ತಿತ್ತು. ಪ್ರಬಂಧ ಒಪ್ಪಿಸಲು ಈ ವರ್ಷವೇ ಕಡೆ ಎನ್ನುವುದೂ ಗೊತ್ತಿತ್ತು. ಕೈಗಳು ಯಾವಾಗ ಕೂಡಿಕೊಂಡವೋ ಅದು ಮಾತ್ರ ಗೊತ್ತಾಗಲಿಲ್ಲ. ಅವ್ವಾ, ಒಂದು ಹಿಡಿ ಇದ್ದಿಲು, ಅಷ್ಟೇ ಸಾಕು. ಬಲದ ಹೂ ಅಲುಗಿತು. ತುಸು ಜಾರಿತು.

ಎಡದ್ದು ಬಿತ್ತು.

“ಈ ವರ್ಷ ಬ್ಯಾಡ ಅಂದಾಳವಾ. ಮುಂದಿನ ವರ್ಷ ಕೇಳೂಣು,” ಎಂದು ಹುಲಗಮ್ಮ ಅವಳ ಬೆನ್ನು ಸವರಿದಳು.

ಸರ್ ಸುರೇಖಾಳ ಕಿವಿಯ ಹತ್ತಿರ ಬಾಗಿದರು. “ಹುಚ್ಚಿ, ನೀನ ಇಟ್ಟದ್ದು. ನೀನ ತಗದು ಬದೀಗಿಡು. ಯಾರು ಏನಂತಾರ?”

ಸುರೇಖಾ ಕಿಟ್ಟದ ಮುಂದೆ ಮಂಡಿಯೂರಿದಳು. ಶುಕ್ರವಾರ ಅದನ್ನು ಒಬ್ಬಳೇ ಎತ್ತಿ ನಿಲ್ಲಿಸಿದ್ದಳು. ಕೈ ಮುಂದೆ ಚಾಚಿದಳು. ಬಿದ್ದ ಹೂ ಎತ್ತಿ ಕಣ್ಣಿಗೊತ್ತಿಕೊಂಡಳು.

“ಆಗಂಗಿಲ್ರಿ ಸರ,” ಅಂದಳು.