ಗೋಡೆಯ ತುಂಬ ಬುಟ್ಟಿ

ಕೊಲ್ಲಮೊಗ್ರಿನ, ಬುಟ್ಟಿ ಹೆಣೆಯುವ ಕೊರಗ ಬುಡಕಟ್ಟಿನ ಕುಟುಂಬಗಳ ಜೇನು ಸಂಘಕ್ಕೆ ಲಾಂಛನ ಬರೆದುಕೊಡುವ ಕೆಲಸ ಕಲಾವಿದೆ ಸುಪ್ರಿತಾಳಿಗೆ ಬಂದಿತ್ತು. ಸಂಘದ ವಾರಿಜಾಕ್ಷಿ ಹೆಣೆದ ಬುಟ್ಟಿಯ ತಳದಲ್ಲಿ ಕಾಡುಬಳ್ಳಿಗಳು ಸೂರ್ಯನ ಕಿರಣಗಳಂತೆ ಹರಡಿದ್ದವು. ಲಾಂಛನಕ್ಕೆ ಅದನ್ನೇ ಬರೆಯಲೇ ಎಂದು ಸುಪ್ರಿತಾ ಕೇಳಿದಳು.

"ಅದು ನನ್ನೊಬ್ಬಳದ್ದಲ್ಲ, ಎಲ್ಲರನ್ನೂ ಕೇಳ್ಬೇಕು" ಎಂದರು ವಾರಿಜಾಕ್ಷಿ. ಎಲ್ಲರೂ ಒಪ್ಪಿದರು.

ದರ್ಬೆ ಪೇಟೆಯಲ್ಲಿ ಸಂಘದ ಮಳಿಗೆ ತೆರೆದ ದಿನ, ಎರಡು ಮಹಡಿ ಎತ್ತರದ ಗೋಡೆಯಲ್ಲಿ ಬರೆದಿದ್ದ ಆ ಹೆಣಿಗೆಯ ಮೇಲಿನ ಪರದೆ ಸರಿಯಿತು. ವಾರಿಜಾಕ್ಷಿಯ ಬೆರಳುಗಳು ಅರಿವಿಲ್ಲದೆಯೇ ಗಾಳಿಯಲ್ಲಿ ಹೆಣೆಯತೊಡಗಿದವು. ಪಕ್ಕದ ಹೆಂಗಸರ ಬೆರಳುಗಳೂ ಜತೆಗೂಡಿದವು.

"ಇಷ್ಟು ದೊಡ್ಡ ಬುಟ್ಟಿಯಲ್ಲಿ ಎಂತ ತುಂಬಿಸುದು?" ಎಂದರು ವಾರಿಜಾಕ್ಷಿಯ ಗಂಡ ಸೀನ, ಮೆಲ್ಲಗೆ.

"ಕಾಡನ್ನೇ ತುಂಬಿಸ್ಬಹುದು" ಎಂದರು ವಾರಿಜಾಕ್ಷಿ, ಗೋಡೆಯಿಂದ ಕಣ್ಣು ತೆಗೆಯದೆ.

ತಾನೇ ಬರೆದ ಚಿತ್ರವನ್ನು ಸುಪ್ರಿತಾ ಆಗಷ್ಟೇ ಮೊದಲ ಸಲ ನೋಡುವವಳಂತೆ ನಿಂತಳು.